ವಾಡಿಯಿಂದ ಬಾರದ ರೀಲು

ಸುಗರಾ ಆಪಾ,

ಶಹಾಬಾದಿನ ಖಬರಸ್ತಾನದಲ್ಲಿ ನಿನ್ನ ಮೇಲೆ ಮೂರು ಹಿಡಿ ಮಣ್ಣು ಹಾಕಿ ಬಂದು ಎರಡು ಮಳೆಗಾಲ ಕಳೆದವು. ನೀನಿದ್ದಾಗ ಒಂದು ಸಾಲೂ ಬರೆಯದವನು ಈಗ ಬರೆಯಲು ಕೂತಿದ್ದೇನೆ. ಬೆಂಗಳೂರಿನ ಪತ್ರಿಕೆಯೊಂದು ಆ ನಿರ್ದೇಶಕನ ಮೇಲೆ ವಿಶೇಷ ಸಂಚಿಕೆ ತರುತ್ತಿದೆ. ನಮ್ಮ ಫರಶಿ ಕಲ್ಲಿನ ಖಣಿಯಲ್ಲಿ ಅವನು ತೆಗೆದ ಸಿನಿಮಾದ ಬಗ್ಗೆ ನಾನು ಬರೆಯಬೇಕಂತೆ. ಪ್ರತಿ ಚೌಕಟ್ಟಿನಲ್ಲೂ ಅವರ ಸಹಿ ಇದೆ, ಅದನ್ನು ಗುರುತಿಸಿ ತೋರಿಸಿ ಎಂದಿದ್ದಾರೆ ಸಂಪಾದಕರು. ಹುಡುಕಿದೆ. ಎಲ್ಲಿ ನೋಡಿದರೂ ನಿನ್ನ ಮುಚ್ಚಿದ ಬಾಯಿಯೇ ಕಂಡಿತು.

ಸಿನಿಮಾ ಪಂಡಿತರದೊಂದು ಸಿದ್ಧಾಂತ ಇದೆ ಆಪಾ. ಕವಿತೆಗೆ ಕವಿ ಇದ್ದಂತೆ ಸಿನಿಮಾಕ್ಕೆ ನಿರ್ದೇಶಕನೊಬ್ಬನೇ ಕರ್ತೃ. ಕ್ಯಾಮೆರಾ ಅವನ ಲೇಖನಿ, ಉಳಿದವರೆಲ್ಲ ಮಸಿ. ಇನ್ನೊಂದನ್ನೂ ಹೇಳುತ್ತಾರೆ: ಸಿನಿಮಾಗಳಲ್ಲಿ ಬಗೆಗಳಿವೆ, ಪ್ರತಿ ಬಗೆಗೂ ಅದರದೇ ಕಟ್ಟಳೆಗಳಿವೆ. ಇದನ್ನು ಓದಿ ನನಗೆ ನಗು ಬಂತು. ಟಾಕೀಜಿನ ಹೆಂಗಸರ ಬೆಂಚಿನಲ್ಲಿ ನನ್ನವ್ವ ಚಂದಮ್ಮನ ಪಕ್ಕ ಕೂತು ನೀನು ಹೇಳುತ್ತಿದ್ದೆಯಲ್ಲ: "ದೇವ್ರ ಪಿಚ್ಚರಿನಾಗ ಶಾಪ ಇಳೀತದ. ಅಳೋ ಪಿಚ್ಚರಿನಾಗ ಸಾವ್ಕಾರಗ ಕಡೀಕ ಬುದ್ಧಿ ಬರ್ತದ. ಬಡದಾಡೋ ಪಿಚ್ಚರಿನಾಗ ಎಲ್ಲಾ ಮುಗದ ಮ್ಯಾಲ ಪೊಲೀಸರು ಬರ್ತಾರ. ಮೂರರಾಗ ಇದೊಂದೇ ಖರೇ ನೋಡು ಚಂದಮ್ಮಾ."

ಜಿಲಾನಿ ಭಾಯಿ ಸತ್ತಾಗಲೂ ಪೊಲೀಸರು ಎಲ್ಲ ಮುಗಿದ ಮೇಲೆಯೇ ಬಂದರು. ಖಣಿಯ ದಂಡೆ ಕುಸಿದು ನಿನ್ನ ಗಂಡ ಅದರಡಿ ಹೋದ. ಪಂಚನಾಮೆಯಲ್ಲಿ 'ಕುಡಿದ ಅಮಲಿನಲ್ಲಿ ಬಿದ್ದು ಮೃತ' ಎಂದು ಬರೆದುಕೊಂಡು ಹೋದರು. ಹನಿ ಮುಟ್ಟದವನು, ಜುಮ್ಮಾ ನಮಾಜು ತಪ್ಪಿಸದವನು. ಮಗಳು ಕಮರುನ್ನೀಸಾಳನ್ನು ನೋಡಲು ಬಂದವರು, ಶರಾಬಿಯ ಮಗಳಂತೆ ಎಂದು ಚಹಾ ಮುಟ್ಟದೆ ಎದ್ದರು. ಅಂದಿನಿಂದ ನಿನಗೆ ಉಳಿದದ್ದು ಒಂದೇ ಆಸೆ: ಆ ಸುಳ್ಳು ಹೋಗಬೇಕು, ಅವನು ಯಾರಿಂದ ಸತ್ತ ಎಂದು ನಾಲ್ಕು ಜನ ಕೇಳಬೇಕು.

ಆಗಲೇ ಅದೇ ಖಣಿಗೆ ಆ ನಿರ್ದೇಶಕ ಬಂದ. ದೇವೀಂದ್ರಪ್ಪ ಸಾವುಕಾರನ ಖಣಿ, ಸಾವುಕಾರನ ಅಪ್ಪಣೆ, ಸಾವುಕಾರನ ಮನೆಯ ಊಟ. ಕಲ್ಲು ಹೊರುವ ಹೆಂಗಸರ ಸಾಲಿನಲ್ಲಿ ನಿನ್ನ ಮುಖ ಕಂಡು ಇದೇ ಬೇಕು ಅಂದ. ನೀನು ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈ ಇಟ್ಟೆ. "ಈ ಮಾರಿ ತೋರಸ್ತೀನ್ರಿ. ಆದ್ರ ನನ್ನ ಮಾತೂ ಹಾಕಬೇಕು ನೋಡ್ರಿ." ಅವನು ಒಪ್ಪಿದ. ಕ್ಯಾಮೆರಾ ಮುಂದೆ ನೀನು ಆಡಿದ್ದನ್ನು ಖಣಿಗೆ ಖಣಿಯೇ ನಿಂತು ಕೇಳಿತು, ನಾನೂ ಕೇಳಿದೆ. ಅದ್ಭುತ ಎಂದ ನಿರ್ದೇಶಕ. ಕೋರ್ಟಿಗೆ ಹೋಗು ಆಪಾ ಎಂದು ನಾವು ಕಾರ್ಮಿಕ ಸಂಘದವರು ಹೇಳಿದರೆ ನೀನು ನಕ್ಕುಬಿಟ್ಟೆ. "ಕೋರ್ಟಿನಾಗ ಒಬ್ಬ ಜಡ್ಜ್ ಕೇಳ್ತಾನ, ಅವನೂ ತೂಕಡಸ್ತಾನ. ಪಿಚ್ಚರ್ ಅಂದ್ರ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ಕಣ್ಣು ಬಿಟಗೊಂಡ ಕೇಳ್ತಾವಲೇ ಅಂಬ್ಯಾ."

ಆ ಸಿನಿಮಾ ಒಂದು ಮಧ್ಯಾಹ್ನದ ಆಟಕ್ಕೆ ನಮ್ಮೂರಿಗೂ ಬಂತು. ನಮ್ಮ ಟಾಕೀಜಿಗೂ ವಾಡಿಯ ಟಾಕೀಜಿಗೂ ಒಂದೇ ಪ್ರಿಂಟು. ಅಲ್ಲಿ ಆಟ ಮೊದಲು; ಓಡಿ ಮುಗಿದ ರೀಲಿನ ಡಬ್ಬಿಗಳು ಪ್ಯಾಸೆಂಜರ್ ಗಾಡಿಯಲ್ಲಿ ನಮ್ಮ ಕಡೆ ಬರಬೇಕು. ಗಾಡಿ ತಡವಾದರೆ ನಡುವೆಯೇ ದೀಪ ಹತ್ತುತ್ತಿತ್ತು. ಜನ ಶೇಂಗಾ ಸುಲಿಯುತ್ತ ಕಾಯುತ್ತಿದ್ದರು. ದೀಪ ಹತ್ತಿತೆಂದು ಎದ್ದು ಮನೆಗೆ ಹೋದವನನ್ನು ನಮ್ಮೂರು ಹುಚ್ಚ ಅನ್ನುತ್ತಿತ್ತು.

ಅಂದು ಶುರುವಿನ ಅಕ್ಷರಗಳನ್ನು ಹಿಂದಿನವನೊಬ್ಬ ಜೋರಾಗಿ ಓದಿದ: ಕೃತಜ್ಞತೆಗಳು, ಶ್ರೀ ದೇವೀಂದ್ರಪ್ಪ ಸಾವುಕಾರ್. ನೀನು ಅವ್ವನ ತೊಡೆ ಚಿವುಟಿದೆಯಂತೆ. "ಹೆಸರ ಬಂತು ನೋಡು. ಇನ್ನ ನನ್ನ ಮಾತ ಬರ್ತದ."

ಬಂದದ್ದು ನಿನ್ನ ಮುಖ. ದಂಡೆಯ ಮೇಲೆ ನಿಂತಿದ್ದೀ, ಗಾಳಿಗೆ ಸೆರಗು, ಎಲ್ಲೋ ಒಂದು ಕೊಳಲು. ಮತ್ತೆ ನಿನ್ನ ಮುಖ. ತುಟಿ ಅಲುಗುವ ಹೊತ್ತಿಗೆ ದೃಶ್ಯ ಬದಲು. ಗಂಡಸರ ಕಡೆಯಿಂದ ಸೀಟಿ: "ಏ ಆಪರೇಟರ್, ಸೌಂಡ್ ಹಾಕೋ. ಸುಗರಾಬಿ ಇಷ್ಟೊತ್ತು ಸುಮ್ನ ಇರ್ತಾಳೇನಲೇ?" ಎಲ್ಲರೂ ನಕ್ಕರು, ನೀನೂ ನಕ್ಕೆ. ಕೊನೆಗೆ ತೆರೆ ತುಂಬ ಧೂಳು. ದೀಪ ಹತ್ತಿತು. ಜನ ಎದ್ದರು.

ನೀನು ಏಳಲಿಲ್ಲ. ಅವ್ವ ಕೈ ಹಿಡಿದು ಎಳೆದರೆ, "ಎಲ್ಲಿ ಮುಗೀತ? ನನ್ನ ಮಾತಿನ ರೀಲು ಇನ್ನಾ ವಾಡಿಯಿಂದ ಬಂದಿಲ್ಲ. ಗಾಡಿ ಲೇಟ್ ಅದ. ಕುಂದ್ರು" ಅಂದೆ. ಖಾಲಿ ಟಾಕೀಜಿನಲ್ಲಿ ನಾವು ಮೂವರು. ಪ್ಯಾಸೆಂಜರ್ ಕೂಗಿ ಬಂತು, ಕೂಗಿ ಹೋಯಿತು. ಬಾಗಿಲ ಕಡೆ ತಿರುಗಿದ ನಿನ್ನ ಕತ್ತು ಮರಳಿ ಈ ಕಡೆ ಬರಲಿಲ್ಲ. ಆಪರೇಟರ್ ಶೌಕತ ಅಲಿ ಇಳಿದು ಬಂದು ಮೆಲ್ಲಗೆ ಹೇಳಿದ. "ಆಪಾ, ಡಬ್ಬಿ ಎಲ್ಲಾ ಬಂದಾವ. ಎಲ್ಲಾ ಹಾಕೀನಿ."

ನೀನು ಮಡಿಲಿನ ಶೇಂಗಾ ಸಿಪ್ಪೆ ಕೊಡವಿಕೊಂಡು ಎದ್ದೆ. "ಹಂಗಾರ ಇದು ಮೂಕರ ಪಿಚ್ಚರ್. ಮೊದಲೇ ಹೇಳಿದ್ರ ಬಾಯಿ ಮನ್ಯಾಗ ಇಟ್ಟು ಬರ್ತಿದ್ದೆ."

ಬೆಂಗಳೂರಿಗೆ ಹೋಗಿ ಆ ನಿರ್ದೇಶಕನನ್ನೇ ಕೇಳಿದೆ. ಮಾತು ಬಂದರೆ ಪ್ರಚಾರ ಚಿತ್ರ ಆಗಿಬಿಡುತ್ತದೆ, ಮೌನವೇ ನನ್ನ ಶೈಲಿ ಎಂದ. ಬಡವನ ಬಾಯಿ ಹೊಲಿದು ಅದಕ್ಕೆ ಶೈಲಿ ಎಂದು ಹೆಸರಿಡುವ ಈ ಪ್ರಶಸ್ತಿ ಸಿನಿಮಾವೂ ಒಂದು ಬಗೆಯೇ ಆಪಾ, ನಿನ್ನ ದೇವ್ರ ಪಿಚ್ಚರಿನ ಹಾಗೆ. ಅದರ ಕಟ್ಟಳೆ: ಬಡವ ಕಾಣಬೇಕು, ಚೆನ್ನಾಗಿ ಕಾಣಬೇಕು, ಕೇಳಿಸಬಾರದು. ಸುಳ್ಳು ಹೇಳಲಾರೆ, ಆ ಮುಖ ಕಂಡು ನಾನೂ ಅತ್ತಿದ್ದೇನೆ. ಅಷ್ಟು ಚಂದ ತೆಗೆದಿದ್ದಾನೆ. ಸಿಟ್ಟು ಇರುವುದೇ ಅದಕ್ಕೆ. ಆ ಮೌನದಲ್ಲಿ ಕಲಾವಿದನ ಸಹಿ ಎಷ್ಟು, ಊಟ ಹಾಕಿದ ಸಾವುಕಾರನ ಸಹಿ ಎಷ್ಟು, ಯಾವ ಪಂಡಿತ ಬೇರ್ಪಡಿಸಿ ಕೊಡುತ್ತಾನೆ?

ಸಿನಿಮಾಕ್ಕೆ ಪದಕ ಬಂತು. ಜಿಲಾನಿ ಭಾಯಿ ಕುಡುಕನಾಗಿಯೇ ಉಳಿದ. ಕಮರುನ್ನೀಸಾಳನ್ನು ಚಿಂಚೋಳಿಯ ಮುದುಕನಿಗೆ ಎರಡನೆಯವಳಾಗಿ ಕೊಟ್ಟೆ. ಕಲ್ಲಿನ ಧೂಳು ಕೆಮ್ಮಾಗಿ ನಿನ್ನನ್ನೂ ತಿಂದಿತು.

ಸಂಪಾದಕರಿಗೆ ಲೇಖನದ ಬದಲು ಈ ಪತ್ರ ಕಳಿಸುತ್ತಿದ್ದೇನೆ. ಪತ್ರಿಕೆಯವರ ಕೈಯಲ್ಲೂ ಕತ್ತರಿ ಇದೆ. ಇಲ್ಲಿಂದ ಮುಂದಿನದನ್ನು ಅವರೂ ಕತ್ತರಿಸಬಹುದು. ನೀನು ಕ್ಯಾಮೆರಾ ಮುಂದೆ ಆಡಿದ್ದು ಇದು:

"ನನ್ನ ಗಂಡನ ಹೆಸರು ಜಿಲಾನಿ. ಅವ ಕುಡೀತಿದ್ದಿಲ್ಲ. ದಂಡಿ ಬಿರಕ ಬಿಟ್ಟದ್ರಿ, ಮೊದಲ ಮ್ಯಾಲಿನ ಮಣ್ಣು ತಗಸ್ರಿ ಅಂದ. ಮಣ್ಣ ಯಾರ ಕೊಳ್ತಾರಲೇ, ಕಲ್ಲ ತಗೀ ಅಂದ ದೇವೀಂದ್ರಪ್ಪ ಸಾವ್ಕಾರ. ನಾ ಅಲ್ಲೇ ಕಲ್ಲು ಹೊರಾಕತ್ತಿದ್ದೆ, ಈ ಕಿವೀಲೆ ಕೇಳೀನಿ. ಅವ ಇಳದ. ದಂಡಿ ಬಿತ್ತು."

ರೀಲು ಇಷ್ಟೇ. ಕಾದದ್ದು ಸಾಕು ಆಪಾ, ಇನ್ನು ಮಲಗು. ಜಿಲಾನಿ ಭಾಯಿಯ ಮೇಲೆ ಬಿದ್ದ ಮಣ್ಣಿನಂತೆ ನಿನ್ನ ಮೇಲಿನದು ಭಾರವಾಗದಿರಲಿ.

ನಿನ್ನ ಚಂದಮ್ಮನ ಮಗ,
ಅಂಬರಾಯ