ಗರಡಿಮನೆಯ ಐದನೆಯ ಫೋಟೋ

ಮಹಿಬೂಬ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಇವತ್ತಿನ ಸುದ್ದಿ ಮೊದಲು ನಿನಗೇ ಹೇಳಬೇಕು. ಕೊಪ್ಪಳದ ನಮ್ಮ ಗರಡಿಮನೆಯ ಗೋಡೆಗೆ ಐವರು ಪೈಲ್ವಾನರ ಫೋಟೋ ಹಾಕಬೇಕೆಂದು ಕೂತು, ಯಾರದು ಹಾಕುವುದೆಂದು ಜಗಳವಾಡಿದೆವು. ನಾಲ್ಕು ಹೆಸರು ಇತ್ಯರ್ಥವಾದವು. ಐದನೆಯದಕ್ಕೆ ನನ್ನ ಹೆಸರು ಹಿಡಿದರು. ತೊಂಬತ್ತೊಂಬತ್ತರ ಫೈನಲ್‌ನಲ್ಲಿ ನಿನ್ನನ್ನು ಚಿತ್ ಮಾಡಿ ಬೆಳ್ಳಿ ಗದೆ ಗೆದ್ದವನು ನಾನಲ್ಲವೇ?

ಅಷ್ಟರಲ್ಲಿ ಉಸ್ತಾದ್ ಯಮನೂರಪ್ಪ ಆ ಕುಸ್ತಿಯ ಹಳೆಯ ಫೋಟೋ ತೆಗೆದರು. ಕುಸ್ತಿಗೆ ಮೊದಲು ಅಖಾಡದ ಕೆಂಪು ಮಣ್ಣನ್ನು ಒಬ್ಬರಿಗೊಬ್ಬರು ಹಚ್ಚುತ್ತೇವಲ್ಲ, ಆ ಗಳಿಗೆ. ನಿನ್ನ ಅಂಗೈ ನನ್ನ ಎಡಭುಜದ ಮೇಲಿದೆ.

"ಎಲ್ಲಾರೂ ಬಡದಂಗ ಹಚ್ತಾರ. ಇಂವಾ ನೋಡ್ರಿ, ಕೂಸಿಗೆ ಎಣ್ಣಿ ಹಚ್ಚಿದಂಗ ಹಚ್ಯಾನ" ಎಂದರು.

ಆ ಭುಜದ ಕೀಲು ಕುಸ್ತಿಯ ಹಿಂದಿನ ದಿನ ಜಾರಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಬಾವು ನಿನ್ನ ಕೈಗೆ ತಿಳಿಯಿತು. ಹದಿನೆಂಟು ನಿಮಿಷದ ಕುಸ್ತಿಯಲ್ಲಿ ಒಮ್ಮೆಯೂ ನೀನು ನನ್ನ ಎಡಗೈ ಹಿಡಿಯಲಿಲ್ಲ. ಎಂಥ ಮನುಷ್ಯನೋ ನೀನು!

"ಐದನೇದು ಮಹಿಬೂಬಂದು ಹಾಕ್ರಿ" ಎಂದೆ.

"ಗದಾ ಗೆದ್ದಾಂವ ನೀ ಅಲ್ಲೇನೋ?" ಎಂದರು ಉಸ್ತಾದ್.

"ಇರಲಿ ಬಿಡ್ರಿ. ಅವಂದ ಹಾಕ್ರಿ."



ನಿನ್ನದು ಬೇರೆ ಫೋಟೋ ಯಾರ ಬಳಿಯೂ ಇಲ್ಲ. ಸಂಜೆಯ ಹೊತ್ತಿಗೆ ಅದನ್ನೇ ಕತ್ತರಿಸಿ ಫ್ರೇಮು ಹಾಕಿಸಿದರು. ಕತ್ತರಿಸುವಾಗ, "ಅವನ ಕೈ ಬಿಡಬ್ಯಾಡ್ರಿ" ಎಂದೆ.

ಗೋಡೆಯ ಮೇಲೆ ಈಗ ನೀನು ಪೂರಾ ಇದ್ದೀ. ನನ್ನದು ಆ ಎಡಭುಜ ಮಾತ್ರ.