ನಿನಗೊಬ್ಬ ಅಣ್ಣ ಹುಟ್ಟಿದ ಕತೆ

ನನ್ನ ಮುದ್ದಿನ ಲೆಕ್ಕಪ್ಪನಿಗೆ,

ಸರ್ಕಾರಕ್ಕೆ ಒಪ್ಪಿಸುವ ಮೊದಲು ನೀನು ನನಗೆ ಕಳಿಸಿದ ವರದಿ ಓದಿದೆ. ಪೂರ್ತಿ ಓದಿದೆ, ಆಣೆ ಮಾಡಿ ಹೇಳುತ್ತೇನೆ. ಅರ್ಧ ಅರ್ಥವಾಗಲಿಲ್ಲ, ಉಳಿದರ್ಧ ಅರ್ಥವಾಗಿ ನಗು ಬಂತು. ಸರ್ಕಾರಿ ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಟೋಕನ್ ಕೊಡುವ ನಿನ್ನ ಅಕ್ಕನನ್ನು ನೀನು 'ಸೇವಾ ಸಂಪರ್ಕ ಬಿಂದು' ಎಂದು ಬರೆದಿದ್ದೀಯ. ಅಮ್ಮನಿಗೆ ಓದಿ ಹೇಳಿದೆ. "ಬಿಂದು ಅಂತೆ, ಇಷ್ಟು ದಪ್ಪ ಇರೋಳನ್ನ" ಎಂದು ನಕ್ಕು ನಕ್ಕು ಅವಳ ಹಲ್ಲಿನ ಸೆಟ್ಟು ಜಾರಿತು.

ನಿನಗೆ ಹೆಚ್ಚು ಹೆಮ್ಮೆ ತಂದ ಭಾಗ ಯಾವುದೆಂದು ಓದುವಾಗಲೇ ತಿಳಿಯಿತು. ದುಡ್ಡು ಕೊಟ್ಟು ಬೇಗ ಒಳಗೆ ಹೋಗುವ ನಿನ್ನ ಆದ್ಯತಾ ಟೋಕನ್ನನ್ನು ಜನ ಮನೆಯವರಿಗೂ ಕೊಂಡು ಕೊಡುತ್ತಿದ್ದಾರೆ, 'ಕುಟುಂಬ ಬಳಕೆ' ತಿಂಗಳಿಂದ ತಿಂಗಳಿಗೆ ಏರುತ್ತಿದೆ, ಯೋಜನೆ ಜನರಿಗೆ ಹಿಡಿಸಿದೆ ಎನ್ನಲು ಇದೇ ಸಾಕ್ಷಿ, ಆದ್ದರಿಂದ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಇದನ್ನು ತರಬಹುದು ಎಂದಿದ್ದೀಯ. ಅದರ ಕೆಳಗೆ ಇನ್ನೊಂದು ಸಾಲು: ಇನ್ನು ಮುಂದೆ ಸಂಬಂಧಕ್ಕೆ ದಾಖಲೆ ಕೇಳಬೇಕು. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನಿನ್ನ ಮೇಲೆ ನನಗೆ ಕೋಪವಿಲ್ಲ ಕಣೋ. ಈ ಯೋಜನೆ ನಿನ್ನ ತಲೆಯಲ್ಲಿ ಹುಟ್ಟಿದ್ದು ಎಲ್ಲಿಂದ ಎಂದು ನನಗೆ ಗೊತ್ತು. ಅಪ್ಪ ದವಡೆ ಊದಿಸಿಕೊಂಡು ನಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ಯಾರದೋ ಕಡೆಯವರು ಎಂದು ಹೇಳಿಕೊಂಡು ಬಂದವರೆಲ್ಲ ಹಿಂಬಾಗಿಲಿನಿಂದ ಒಳಗೆ ಹೋದರು. ಅಪ್ಪನ ಪಕ್ಕ ಕೂತಿದ್ದ ನಿನ್ನ ಮುಖ ನನಗಿನ್ನೂ ನೆನಪಿದೆ. "ದುಡ್ಡು ನೀನು ಯಾರ ಕಡೆಯವನು ಅಂತ ಕೇಳಲ್ಲ ಅಕ್ಕ. ನಿಜವಾಗಿ ನೋವಿರೋನು ಕೊಡ್ತಾನೆ, ಹೋಗ್ತಾನೆ" ಎಂದು ಯೋಜನೆ ವಿವರಿಸುವಾಗ ನೀನು ಹೇಳಿದ್ದೆ. ಮೊದಲನೆಯ ಮಾತು ಸುಳ್ಳಲ್ಲ. ಹಿಂಬಾಗಿಲಿಗೆ ಈಗ ಬೀಗ ಬಿದ್ದಿದೆ. ದೊಡ್ಡವರ ಹೆಸರು ಹೇಳಿಕೊಂಡು ಬರುವವರಿಗೆ ನಾನು ಸುಮ್ಮನೆ ದರಪಟ್ಟಿ ತೋರಿಸುತ್ತೇನೆ. ಆ ಸುಖವೇ ಬೇರೆ.

ಆದರೆ ಆ ಬೆಂಚಿನ ಮೇಲೆ ಇನ್ನೊಂದು ನಡೆಯುತ್ತಿತ್ತು. ಅಪ್ಪನ ಚಿಂತೆಯಲ್ಲಿದ್ದ ನಿನ್ನ ಕಣ್ಣಿಗೆ ಅದು ಬಿದ್ದಿರಲಿಕ್ಕಿಲ್ಲ. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಯಾರಾದರೂ ಬಂದರೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರೋ ಒಬ್ಬರು "ನೀವು ಹೋಗಿ, ನಂದು ಬರೀ ಕ್ಲೀನಿಂಗು" ಎನ್ನುತ್ತಿದ್ದರು. ನಾನು ಬಾಯಿ ಬಿಡಬೇಕಾಗಿರಲಿಲ್ಲ. ನಿನ್ನ ಟೋಕನ್ ಬಂದ ಮೇಲೆ ಅದೇ ಜನ ಗೋಡೆ ನೋಡತೊಡಗಿದರು. "ಅಷ್ಟು ನೋವಿದ್ರೆ ದುಡ್ಡು ಕೊಟ್ಟು ಹೋಗ್ಬಹುದಲ್ಲ" ಎಂದು ಒಬ್ಬ ಮೇಷ್ಟ್ರು, ಮೊದಲು ಬಂದಾಗಲೆಲ್ಲ ಜಾಗ ಬಿಟ್ಟುಕೊಡುತ್ತಿದ್ದ ಮನುಷ್ಯ, ನನ್ನೆದುರೇ ಅಂದರು. ಅವರು ಕೆಟ್ಟವರಾಗಲಿಲ್ಲ. ನೋವಿರುವವರನ್ನು ಮುಂದೆ ಬಿಡುವ ಕೆಲಸ ಇನ್ನು ಕೌಂಟರಿನದು ಎಂದುಕೊಂಡರು, ಅಷ್ಟೆ.

ನೀನು ಕಾಲೇಜಿನಲ್ಲಿದ್ದಾಗ ಅರ್ಥಶಾಸ್ತ್ರದ ಪುಸ್ತಕ ಹಿಡಿದು ತಾರಸಿಯ ಮೇಲೆ ಓಡಾಡುತ್ತಾ ಗಟ್ಟಿಯಾಗಿ ಓದುತ್ತಿದ್ದೆ. 'ಪ್ರತಿಯೊಬ್ಬರೂ ತಮ್ಮ ಲಾಭವನ್ನಷ್ಟೇ ನೋಡಿಕೊಳ್ಳುತ್ತಾರೆ ಎಂದು ಇಟ್ಟುಕೊಳ್ಳೋಣ.' ಬಟ್ಟೆ ಒಣಗಿಸುತ್ತಿದ್ದ ನಾನು "ಎಲ್ಲಿ ಇಟ್ಕೊಳ್ಳೋದು?" ಎಂದು ಕೇಳಿದೆ. "ಸುಮ್ನೆ ಅಕ್ಕ, ಲೆಕ್ಕ ಸುಲಭ ಆಗ್ಲಿ ಅಂತ. ಆಮೇಲೆ ತೆಗೀತಾರೆ" ಎಂದು ನೀನಂದೆ. ನೀವೆಲ್ಲ ಪಾಸಾಗಿ ಕಚೇರಿ ಸೇರಿದಿರಿ, ಇಟ್ಟುಕೊಂಡದ್ದನ್ನು ತೆಗೆಯುವುದು ಮರೆತೇ ಹೋಯಿತು. ಈಗ ಅದು ನಮ್ಮ ಬೆಂಚಿನ ಮೇಲೆ ಬಂದು ಕೂತಿದೆ. ಜನ ಅದಕ್ಕೆ ಜಾಗ ಬಿಟ್ಟು ಸರಿದು ಕೂರುತ್ತಿದ್ದಾರೆ.

ಇನ್ನು ಅಮ್ಮನ ವಿಷಯ. ಸೆಟ್ಟು ವಸಡಿಗೆ ಉಜ್ಜುತ್ತದೆ ಎಂದಾಗ ನೀನೇ ಫೋನಿನಲ್ಲಿ ಅವಳಿಗೊಂದು ಆದ್ಯತಾ ಟೋಕನ್ ಕೊಂಡು ಕೊಟ್ಟೆಯಲ್ಲ, ಆ ದಿನ ಬೆಂಚಿನ ತುದಿಯಲ್ಲಿ ಒಬ್ಬರು ಪೇಂಟರ್ ಕೂತಿದ್ದರು. ಮೊಣಕೈವರೆಗೆ ಬಣ್ಣ, ಒಂದು ಕಣ್ಣು ಮುಚ್ಚುವಷ್ಟು ಊದಿದ ಕೆನ್ನೆ, ಮಾತಾಡಲು ಬಾಯಿ ತೆರೆಯುತ್ತಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಅವರನ್ನೇ ನೋಡಿ ಎದ್ದು ಬಂದಳು. "ಇದನ್ನ ಅವರಿಗೆ ಕೊಡು" ಎಂದಳು. ಮನೆಯವರಿಗೆ ಮಾತ್ರ ಬಿಟ್ಟುಕೊಡಬಹುದು, ನಿನ್ನ ಮಗನೇ ಮಾಡಿದ ನಿಯಮ ಎಂದೆ. ಕಂಪ್ಯೂಟರಿನಲ್ಲಿ 'ಸಂಬಂಧ' ಎಂಬ ಜಾಗ ತೋರಿಸಿದೆ. "ಹಾಗಾದ್ರೆ ಮಗ ಅಂತ ಬರಿ" ಎಂದಳು. ಅಮ್ಮ, ಅವರಿಗೆ ಐವತ್ತಾದರೂ ಆಗಿದೆ ಎಂದೆ. "ನನಗೇನು ವಯಸ್ಸಾಗಿಲ್ವಾ? ಬರಿಯೇ."

ಬರೆದೆ. ಇನ್ನೊಂದು ದಿನ ತಡವಾಗಿದ್ದರೆ ಕೀವು ಗಂಟಲಿಗೆ ಇಳಿಯುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅಮ್ಮ ಮಾತ್ರ ತನ್ನ ಸರದಿ ಬರುವವರೆಗೂ ಬೆಂಚಿನಲ್ಲಿದ್ದವರಿಗೆಲ್ಲ ನಿನ್ನ ಬುದ್ಧಿವಂತಿಕೆಯನ್ನು ಹೊಗಳುತ್ತಾ ಕೂತಿದ್ದಳು.

ಅಮ್ಮ ಟೋಕನ್ ಬಿಟ್ಟುಕೊಟ್ಟದ್ದನ್ನು ಆ ಬೆಂಚಿನವರು ನೋಡಿದ್ದರು. ಆಮೇಲೆ ಶುರುವಾಯಿತು ನಿನ್ನ ಕುಟುಂಬ ಬಳಕೆ. ಬ್ಯಾಂಕಿನ ಮ್ಯಾನೇಜರಿಗೆ, ಬುಟ್ಟಿ ಮಾರುವ ಒಬ್ಬ ಅತ್ತೆ ಸಿಕ್ಕಳು. ಅದೇ ಮೇಷ್ಟ್ರಿಗೆ, ಹಿಂದೆಂದೂ ನೋಡಿರದ ಒಬ್ಬ ಭಾವ. ದುಡ್ಡು ಕೊಟ್ಟವರು ತಮ್ಮ ಸರದಿಯನ್ನು ಹೆಚ್ಚು ನೋವಿರುವವರಿಗೆ ಕೊಡುತ್ತಿದ್ದಾರೆ, ನಾನು ನಗದೆ ಸಂಬಂಧ ಬರೆದುಕೊಳ್ಳುತ್ತಿದ್ದೇನೆ. ನಿನ್ನ ನಕ್ಷೆಯಲ್ಲಿ ಮೇಲಕ್ಕೆ ಹೋಗುವ ಆ ಗೆರೆ ಇದೇ. ನೀನು ಅದನ್ನು ಬೇಡಿಕೆ ಎಂದು ಓದಿದೆ.

ಇದು ತಿಳಿದ ಮೇಲೆ ಕುಟುಂಬ ಬಳಕೆಯ ಆ ಭಾಗವನ್ನು ಹಾಗೇ ಸರ್ಕಾರಕ್ಕೆ ಕಳಿಸಲು ನಿನಗೆ ಮನಸ್ಸಾಗುವುದಿಲ್ಲ. ತೆಗೆದರೆ ನಿನ್ನ ವಾದದ ಬೆನ್ನುಮೂಳೆಯೇ ಹೋಗುತ್ತದೆ, ನಿಜ ಬರೆದರೆ ನನ್ನ ಕೆಲಸಕ್ಕೆ ಕುತ್ತು. ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದೇನೆ, ಅದಕ್ಕೆ ನನಗೆ ಸಂಕಟವಿದೆ. ನನ್ನ ಕೆಲಸದ ಚಿಂತೆ ಬಿಡು, ನಿಜವನ್ನೇ ಬರೆ. ದಾಖಲೆ ಕೇಳಬೇಕೆಂಬ ಆ ಸಾಲನ್ನು ಮಾತ್ರ ಹೊಡೆದುಹಾಕು. ಅದೊಂದು ಜಾರಿಗೆ ಬಂದರೆ ಇವರೆಲ್ಲ ಮತ್ತೆ ಗೋಡೆ ನೋಡುತ್ತಾ ಕೂರುತ್ತಾರೆ.

ಮೊನ್ನೆ ಆ ಪೇಂಟರ್ ಇನ್ನೊಂದು ಹಲ್ಲು ತೋರಿಸಲು ಬಂದಿದ್ದರು. ಈಗ ಬಾಯಿ ಚೆನ್ನಾಗಿ ತೆರೆಯುತ್ತದೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಹೋಗುವಾಗ ತಿರುಗಿ ನಿಂತು, ಸ್ವಲ್ಪ ನಾಚಿಕೆಯಿಂದ, "ಆ ಟೋಕನ್ ಕೊಂಡಿದ್ದು ನಮ್ಮ ತಮ್ಮ ಅಂತೆ. ಮನೆಗೆ ಬಣ್ಣ ಗಿಣ್ಣ ಹೊಡೀಬೇಕಿದ್ರೆ ಹೇಳೋಕೆ ಹೇಳಿ, ಬೇರೆಯವರನ್ನ ಕರೀಬೇಡಿ" ಎಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬುದ್ಧಿಯೂ ನಿನ್ನ ಮನಸ್ಸೂ ಯಾವತ್ತೂ ಬೇರೆಯಾಗದಿರಲಿ.

ನಿನ್ನ ಅಕ್ಕ,
ಪೇಂಟರ್ ಅಣ್ಣನ ತಂಗಿ