ಮೂಡಲಗಿರಿಯಪ್ಪ ಸರ್ ಹೆಸರಿನ ವರದಿ

೧೪ ಜೂನ್ ೨೦೨೫, ಶನಿವಾರ. ಮಧುಗಿರಿ.

ಕುರಿರೋಗಗಳ ನಮ್ಮ ಪತ್ರಿಕೆ, ಲೇಖನವನ್ನು ಮೊದಲೇ ಓದಿ ಪ್ರಕಟಿಸಬಹುದೇ ಎಂದು ಹೇಳುವ ಪರಿಶೀಲಕರ, ಇಷ್ಟು ದಿನ ಗುಟ್ಟಾಗಿದ್ದ ಹೆಸರನ್ನೂ ವರದಿಯನ್ನೂ ಇನ್ನು ಲೇಖನದ ಜೊತೆಗೇ ಅಚ್ಚು ಹಾಕುತ್ತದಂತೆ. ನಾನು ಪರಿಶೀಲಿಸಿದ ಲೇಖನವೊಂದಕ್ಕೆ ಬಂದ ಎರಡೂ ವರದಿಗಳನ್ನು, ಒಪ್ಪಿಗೆ ಕೇಳಿ ಸಂಪಾದಕರು ಕಳಿಸಿದ್ದಾರೆ. ಅದರಲ್ಲಿ ಹೇಳಿದ ಜಂತುಹುಳದ ಔಷಧಿಯ ಪ್ರಮಾಣ ಹೆಚ್ಚಾಯಿತು, ಗಬ್ಬದ ಕುರಿಗಳು ಸಾಯುತ್ತವೆ ಎಂದು ನಾನು ಬರೆದಿದ್ದೆ. ಇನ್ನೊಬ್ಬರು ಹಾಗೇ ಪ್ರಕಟಿಸಿ ಎಂದಿದ್ದಾರೆ. ಆ ಎರಡನೇ ವರದಿಯ ಕೆಳಗಿರುವ ಹೆಸರು ನನ್ನ ಗುರು ಮೂಡಲಗಿರಿಯಪ್ಪನವರದ್ದು. ಕಳ್ಳಂಬೆಳ್ಳದಲ್ಲಿ ಅವರನ್ನು ಮಣ್ಣು ಮಾಡಿ ವರ್ಷವಾಯಿತು. ವರದಿ ಕಳೆದ ಮಂಗಳವಾರದ್ದು.

ಅವರ ಹೆಂಡತಿ ರಾಧಾಮಣಿಯವರಿಗೆ ಫೋನ್ ಮಾಡಿ, ಸರ್ ಮೇಲ್ ಯಾರು ನೋಡುತ್ತಾರೆಂದು ಕೇಳಿದೆ.

“ಯಾರ್ ನೋಡ್ತಾರೆ ಕಣಮ್ಮ? ಕಂಪ್ಯೂಟರ್‌ಗೆ ಬಟ್ಟೆ ಹೊದ್ಸಿಬುಟ್ಟಿವ್ನಿ. ಯಾಕೆ, ಅಲ್ಲೋಗೂ ಪೇಪರ್ ತಿದ್ತಾವ್ರಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಪರಿಶೀಲಕರನ್ನು ಲೇಖಕರೇ ಸೂಚಿಸುವ ಪದ್ಧತಿ ನಮ್ಮಲ್ಲಿದೆ. ಹೆಸರು ಹೊರಬೀಳುತ್ತದೆಂದು ತಿಳಿಯದೆ, ಈ ಲೇಖನ ಬರೆದವರು ಸರ್ ಹೆಸರಿಗೆ ತಮ್ಮದೇ ಮೇಲ್ ವಿಳಾಸ ಕೊಟ್ಟು, ವರದಿಯನ್ನೂ ತಾವೇ ಬರೆದಿರಬಹುದು. ಇಷ್ಟು ತಿಳಿದೂ ಆ ವರದಿಯನ್ನು ಮತ್ತೆ ಓದಿದೆ. ಅನುವಾದದ ಕಾದಂಬರಿಯಲ್ಲಿ ಅನುವಾದಕನ ಉಸಿರು ಕೇಳಿಸುವಂತೆ, ಸರ್ ಹೆಸರಿನ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ. ಹೆಸರು ಮುಚ್ಚಿದ್ದ ವರ್ಷಗಳಲ್ಲಿ ನನ್ನ ವರದಿಯ ಪಕ್ಕ ಇನ್ನೆಷ್ಟು ಜನ ಹೀಗೆ ಬೇರೆಯವರ ಹೆಸರಲ್ಲಿ ಕೂತಿದ್ದರೋ.

ಆ ಲೇಖಕರು ನನ್ನ ಬಡ್ತಿ ಸಮಿತಿಯಲ್ಲಿದ್ದಾರೆ. ಆದರೂ ಆ ಪುಟದಲ್ಲಿ ಬದುಕಿರುವವರ ಹೆಸರು ಒಂದಾದರೂ ಇರಬೇಕು. ಬೆಳಿಗ್ಗೆ ಸಂಪಾದಕರಿಗೆ ಎಲ್ಲವನ್ನೂ ಬರೆದು, ನನ್ನ ಪೂರ್ತಿ ಹೆಸರು ಹಾಕಿ ಎನ್ನುತ್ತೇನೆ.